ದುಬೈಯಲ್ಲಿ 8,000 ದಿರ್ಹಂ ಸಂಬಳ: ಹೆಂಡತಿ-ಮಗಳನ್ನು ಕರ್ಕೊಂಡು ಹೋಗುವುದಾ, ಮಂಗಳೂರಲ್ಲೇ ಇರುವುದಾ?

ಬೆದ್ರದ ಲೆಕ್ಕಿಗ (ಪ್ರಶ್ನೆ)

ನಮಸ್ಕಾರ ಎಲ್ಲರಿಗೂ. ಊರು ಮೂಡುಬಿದಿರೆ. ಈಗ ಮಂಗಳೂರಿನ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಸೀನಿಯರ್ ಅಕೌಂಟೆಂಟ್. ಕೈಗೆ ಬರುವುದು ತಿಂಗಳಿಗೆ 68 ಸಾವಿರ. ಹೆಂಡತಿ ಬಿ.ಎಡ್ ಮಾಡಿದ್ದಾಳೆ, ಖಾಸಗಿ ಶಾಲೆಯಲ್ಲಿ ಟೀಚರ್, 18 ಸಾವಿರ. ಬಿಜೈಯಲ್ಲಿ ಬಾಡಿಗೆ ಮನೆ, ಎರಡು ಬೆಡ್‌ರೂಮು, 17 ಸಾವಿರ. ಮಗಳಿಗೆ ನಾಲ್ಕು ವರ್ಷ, ಈ ಸಲ ಎಲ್‌ಕೆಜಿ. ಅಪ್ಪ-ಅಮ್ಮ ಊರಲ್ಲಿ, ಅಲ್ಲಿಗೆ ಬಸ್ಸಲ್ಲಿ ಒಂದು ಗಂಟೆಯ ದಾರಿ. ಹೆಚ್ಚುಕಡಿಮೆ ಪ್ರತಿ ಭಾನುವಾರ ಹೋಗಿ ಬರ್ತೇವೆ. ಎಲ್ಲ ಖರ್ಚು ಕಳೆದು, ಇಬ್ಬರದ್ದೂ ಸೇರಿ, ತಿಂಗಳಿಗೆ ಸುಮಾರು 30 ಸಾವಿರ ಉಳಿತದೆ.

ಈಗ ದುಬೈಯಿಂದ ಒಂದು ಆಫರ್ ಬಂದಿದೆ. ಆಫೀಸು ಅಲ್ ಕೂಜ್ ಇಂಡಸ್ಟ್ರಿಯಲ್ ಏರಿಯಾ. ಒಟ್ಟು 8,000 ದಿರ್ಹಂ. ಪತ್ರದಲ್ಲಿ ಬೇಸಿಕ್ 3,200, ಉಳಿದದ್ದು ಮನೆ ಭತ್ಯೆ, ಸಾರಿಗೆ, 'ಇತರೆ' ಅಂತ ಹಂಚಿದ್ದಾರೆ. ನನ್ನ ವೀಸಾ, ನನ್ನ ಇನ್ಶೂರೆನ್ಸ್ ಅವರದ್ದು. ಎರಡು ವರ್ಷಕ್ಕೊಮ್ಮೆ ನನಗೊಬ್ಬನಿಗೆ ಟಿಕೆಟು. ಫೆಬ್ರವರಿಯಲ್ಲಿ ಸೇರಬೇಕು.

ದಿರ್ಹಂಗೆ 24 ರೂಪಾಯಿ ಹಿಡಿದರೆ 1.92 ಲಕ್ಷ ಆಗ್ತದೆ. ತೆರಿಗೆ ಇಲ್ಲ. ಕಾಗದದ ಮೇಲೆ ಯೋಚನೆ ಮಾಡುವಂಥದ್ದೇ ಇಲ್ಲ. ನನ್ನ ಮಾವನವರಂತೂ ಬ್ಯಾಗ್ ಕಟ್ಟಲು ಹೇಳಿಯಾಯಿತು. ಆದರೆ ದೇರಾದಲ್ಲಿರುವ ನನ್ನ ಕಾಲೇಜಿನ ಗೆಳೆಯನಿಗೆ ಮೆಸೇಜ್ ಮಾಡಿದರೆ 'ಫ್ಯಾಮಿಲಿ ತರ್ಬೇಡ' ಅಂತ ಒಂದೇ ಸಾಲು ಬರೆದು ಸುಮ್ಮನಾದ. ಯೂಟ್ಯೂಬ್ ನೋಡಿದರೆ ಒಬ್ಬರು 5,000ದಲ್ಲಿ ಸಂಸಾರ ಆಗ್ತದೆ ಅಂತಾರೆ, ಇನ್ನೊಬ್ಬರು 20,000 ಸಾಲದು ಅಂತಾರೆ.

ಅಲ್ಲಿ ಈಗ ಇರುವವರು ನಿಜವಾದ ಲೆಕ್ಕ ಹೇಳಿ. ಮೂರು ಜನಕ್ಕೆ ಬಾಡಿಗೆ, ಶಾಲೆ, ದಿನಸಿ ಎಲ್ಲ ಕಳೆದು ಏನು ಉಳಿತದೆ? ಮಂಗಳೂರಿಗಿಂತ ಬದುಕು ಚೆನ್ನಾಗಿರ್ತದಾ?

---

ಕೋಟೇಶ್ವರ ಟು ಶಾರ್ಜಾ

ನಿಮ್ಮ ಗೆಳೆಯ ಹೇಳಿದ್ದು ಸರಿ ಉಂಟು. ಕಾರಣ ಹೇಳದೆ ಬಿಟ್ಟಿದ್ದಾರೆ ಅಷ್ಟೆ. ನಾನು ಹೇಳ್ತೇನೆ, ಸ್ವಲ್ಪ ಉದ್ದ ಆಗ್ತದೆ.

ಮೊದಲು ಆ 24ರ ಗುಣಾಕಾರ ಬಿಡಿ ಮಾರಾಯ್ರೆ. ಊರಿಗೆ ಕಳಿಸುವ ದಿರ್ಹಂ ಮಾತ್ರ ರೂಪಾಯಿ ಆಗುವುದು. ಇಲ್ಲಿ ಖರ್ಚಾಗುವ ದಿರ್ಹಂ ದಿರ್ಹಮ್ಮಾಗಿಯೇ ಹೋಗ್ತದೆ. ಹೊಸದಾಗಿ ಬಂದವರು ಎರಡು ದಿರ್ಹಂ ಕೊಟ್ಟು ಕರಕ್ ಚಾ ಕುಡಿದು, '48 ರೂಪಾಯಿ ಒಂದು ಚಾಕ್ಕೆ!' ಅಂತ ಹೊಟ್ಟೆ ಉರಿಸಿಕೊಳ್ತಾರೆ. ಅದೇ ಜನ ಒಟ್ಟು ಸಂಬಳವನ್ನು 24ರಿಂದ ಗುಣಿಸಿ ಊರಲ್ಲಿ ಹೇಳಿಕೊಂಡು ತಿರುಗ್ತಾರೆ. ಎರಡೂ ಒಂದೇ ಕಾಯಿಲೆ.

ಎಲ್ಲರೂ ಅಕ್ಕಿ ಎಷ್ಟು, ಟೊಮೆಟೊ ಎಷ್ಟು ಅಂತ ಕೇಳ್ತಾರೆ. ದಿನಸಿಯಲ್ಲಿ ಇಲ್ಲಿ ಯಾರೂ ಮುಳುಗಿದ್ದಿಲ್ಲ. ಹಾಲು ದುಬಾರಿ, ಲೀಟರಿಗೆ ಆರೇಳು ದಿರ್ಹಂ, ನಂದಿನಿಯ ಮೂರು ಪಟ್ಟು. ಆದರೆ ಈರುಳ್ಳಿ, ಬೇಳೆ, ಕೋಳಿ, ಮೊಟ್ಟೆ ಎಲ್ಲ ವಾರಾಂತ್ಯದ ಆಫರ್ ನೋಡಿ ತೆಗೊಂಡರೆ ಆಗ್ತದೆ. ಮೀನು ಬೇಕಾದರೆ ಶಾರ್ಜಾದ ಸೂಕ್ ಅಲ್ ಜುಬೈಲ್‌ಗೆ ಬನ್ನಿ. ಅಂಜಲ್ ಉಂಟು (ಇಲ್ಲಿ ಕನ್ನಾದ್ ಅಂತಾರೆ), ಒಮಾನಿನ ಬಂಗುಡೆ ಉಂಟು, ಮಳೆಗಾಲದಲ್ಲಿ ನಮ್ಮಲ್ಲಿ ಬೋಟು ಕಡಲಿಗೆ ಇಳಿಯದಾಗಲೂ ಇಲ್ಲಿ ಮೀನು ಉಂಟು. ಪೆಟ್ರೋಲ್ ಅಂತೂ ಊರಿಗಿಂತ ಎಷ್ಟೋ ಅಗ್ಗ. ತಿಂಗಳು ತಿಂಗಳು ದರ ಬದಲಾಗ್ತದೆ, 2025ರಲ್ಲಿ ಲೀಟರಿಗೆ ಎರಡೂವರೆ ದಿರ್ಹಂ ಆಸುಪಾಸು ಇತ್ತು. ಇವುಗಳಿಂದ ನಿಮ್ಮ ತೀರ್ಮಾನ ಆಗುವುದಿಲ್ಲ.

ತೀರ್ಮಾನ ಆಗುವುದು ಬಾಡಿಗೆಯಲ್ಲಿ. ಇಲ್ಲಿ ಸಂಬಳ ಎಷ್ಟು ಅಂತ ಕೇಳಬಾರದು, ಬಾಡಿಗೆ ಯಾರು ಕೊಡುವುದು ಅಂತ ಕೇಳಬೇಕು. ಕಂಪನಿ ಮನೆ ಕೊಡುವ 6,000 ಸಂಬಳದವ ನಿಮ್ಮ 8,000ದವನಿಗಿಂತ ಹಾಯಾಗಿರ್ತಾನೆ.

ಅಲ್ ಕೂಜ್‌ನ ಆಫೀಸಿಗೆ ಹತ್ತಿರ ಅಂತ ದುಬೈಯಲ್ಲಿ, ಕರಾಮಾದಂಥ ಕಡೆ ಒಂದು ಬೆಡ್‌ರೂಮಿನ ಮನೆ ನೋಡಿದರೆ ವರ್ಷಕ್ಕೆ 80 ಸಾವಿರ ದಿರ್ಹಂ ಕೇಳ್ತಾರೆ. ನಿಮ್ಮ ವರ್ಷದ ಸಂಬಳ 96 ಸಾವಿರ. ಅಲ್ಲಿಗೆ ದುಬೈ ಮುಗಿಯಿತು. ಆಮೇಲೆ ಎಲ್ಲರ ಹಾಗೆ ಪಕ್ಕದ ಶಾರ್ಜಾಕ್ಕೆ ಬರ್ತೀರಿ. ಇಲ್ಲಿ ಹಳೇ ಕಟ್ಟಡದಲ್ಲಿ ಒಂದು ಬೆಡ್‌ರೂಮು 36 ಸಾವಿರಕ್ಕೆ ಹುಡುಕಿದರೆ ಸಿಕ್ಕೀತು. ತಿಂಗಳಿಗೆ 3,000 ಅಂದುಕೊಳ್ತೀರಿ. ತಿಂಗಳಿಗೆ ಯಾರೂ ತೆಗೊಳ್ಳುವುದಿಲ್ಲ!

ಇಲ್ಲಿ ಬಾಡಿಗೆ ಅಂದರೆ ಚೆಕ್ಕು. ವರ್ಷದ ಬಾಡಿಗೆಗೆ ನಾಲ್ಕೋ ಆರೋ ಮುಂದಿನ ತಾರೀಕಿನ ಚೆಕ್ಕು ಮೊದಲೇ ಸಹಿ ಹಾಕಿ ಕೊಟ್ಟುಬಿಡಬೇಕು. ನಾಲ್ಕು ಚೆಕ್ಕು ಅಂದರೆ ಮೊದಲನೇ ದಿನವೇ 9,000. ಅದರ ಮೇಲೆ ಡಿಪಾಸಿಟ್ ಸುಮಾರು 1,800, ಏಜೆಂಟನ ಕಮಿಷನ್ ಅಷ್ಟೇ, ಶಾರ್ಜಾ ಮುನ್ಸಿಪಾಲಿಟಿಯಲ್ಲಿ ಕರಾರು ದೃಢೀಕರಿಸಲು ಬಾಡಿಗೆಯ ಶೇ. 4, ಅಂದರೆ 1,440. ಕರೆಂಟು-ನೀರಿನ ಡಿಪಾಸಿಟ್ ಬೇರೆ. ಕೀಲಿ ಕೈಗೆ ಬರುವಾಗ 15 ಸಾವಿರ ದಿರ್ಹಂ ಹೋಗಿರ್ತದೆ. ಈಗ ಬೇಕಾದರೆ 24ರಿಂದ ಗುಣಿಸಿ, ಯಾಕೆಂದರೆ ಈ ದುಡ್ಡು ನೀವು ಊರಿಂದಲೇ ತರಬೇಕು: 3.6 ಲಕ್ಷ. ಮನೆಯೊಳಗೆ ಆಗ ಒಂದು ಫ್ರಿಜ್ ಕೂಡ ಇರುವುದಿಲ್ಲ. ಊರಿಗೆ ಹೊರಟವರು ಮಾರುವ ಸೋಫಾ, ಮಂಚ, ವಾಷಿಂಗ್ ಮೆಷಿನು ತೆಗೊಳ್ಳಿ, ಅದರಲ್ಲಿ ಮರ್ಯಾದೆಯ ಪ್ರಶ್ನೆ ಇಲ್ಲ. ನಮ್ಮ ಮನೆಯ ಊಟದ ಮೇಜು ನಾಲ್ಕನೇ ಸಂಸಾರ ನೋಡ್ತಾ ಉಂಟು.

ಚೆಕ್ಕಿನ ಇನ್ನೊಂದು ಸಂಗತಿ. ಸಂಬಳ ಬರುವುದು 5ನೇ ತಾರೀಕಿಗೆ, ಚೆಕ್ ತಾರೀಕು 1 ಅಂತ ಬರೆದುಕೊಟ್ಟರೆ ಮೂರು ತಿಂಗಳಿಗೊಮ್ಮೆ ಜೀವ ಬಾಯಿಗೆ ಬರ್ತದೆ. ಕರಾರು ಮಾಡುವಾಗಲೇ 10 ಅಂತ ಹಾಕಿಸಿ, ಹೆಚ್ಚಿನ ಮಾಲೀಕರು ಒಪ್ತಾರೆ. ಹಿಂದಿನ ಹಾಗೆ ಬೌನ್ಸ್ ಆದ ಕೂಡಲೇ ಪೊಲೀಸ್ ಕೇಸು ಇಲ್ಲ, 2022ರ ಜನವರಿಯಿಂದ ಕಾನೂನು ಸಡಿಲ ಆಗಿದೆ. ಆದರೆ ಕೋರ್ಟಿನ ಮೂಲಕ ವಸೂಲಿಗೆ ಹೋಗಬಹುದು. ಅದು ಬೇಕಾ?

ಈಗ ನಿಮ್ಮ 8,000 ತೆಗೊಳ್ಳಿ. ಬಾಡಿಗೆ 3,000. ಕರೆಂಟು-ನೀರು-ಗ್ಯಾಸು ವರ್ಷದ ಸರಾಸರಿಗೆ 400 (ಜುಲೈ-ಆಗಸ್ಟಲ್ಲಿ ಎಸಿ ಇಪ್ಪತ್ನಾಲ್ಕು ಗಂಟೆ ಓಡ್ತದೆ, ಬಿಲ್ಲು ನೋಡಬೇಡಿ). ಮನೆಯ ಇಂಟರ್ನೆಟ್ 300, ಊರಲ್ಲಿ ಆರುನೂರು ರೂಪಾಯಿಗೆ ಸಿಗುವಂಥದ್ದು. ದಿನಸಿ-ಮೀನು-ತರಕಾರಿ 1,300. ಮಗಳ ಶಾಲೆ, ಕೈಗೆಟುಕುವ ಸಿಬಿಎಸ್‌ಇ ಶಾಲೆ ಹಿಡಿದರೂ ಬಸ್ಸು ಸೇರಿ ತಿಂಗಳ ಲೆಕ್ಕಕ್ಕೆ 1,000. ನೀವು ದಿನಾ ಅಲ್ ಕೂಜ್‌ಗೆ ಹೋಗಿ ಬರಲು ಬಸ್ಸು-ಮೆಟ್ರೊ 600. ಫೋನು ಇಬ್ಬರಿಗೂ 150. ಹೆಂಡತಿ-ಮಗಳ ವೀಸಾ, ಇನ್ಶೂರೆನ್ಸು ನಿಮ್ಮದೇ ಖರ್ಚು, ತಿಂಗಳಿಗೆ ಹಂಚಿದರೆ 350. ವರ್ಷಕ್ಕೊಮ್ಮೆ ಮೂವರ ಟಿಕೆಟು, ಶಾಲೆಗೆ ರಜೆ ಜುಲೈಯಲ್ಲೇ ಆದ ಕಾರಣ ವಿಮಾನದವರು ಆಗಲೇ ಕೈ ಹಾಕುವುದು, ತಿಂಗಳಿಗೆ 400. ಕೂಡಿಸಿ: 7,500. ಉಳಿದ 500ರಲ್ಲಿ ಬಟ್ಟೆ, ಔಷಧ, ಒಂದು ಹೊರಗಿನ ಊಟ, ಊರಲ್ಲಿ ಯಾರದ್ದೋ ಮದುವೆಗೆ ಉಡುಗೊರೆ.

ಮಂಗಳೂರಲ್ಲಿ 30 ಸಾವಿರ ರೂಪಾಯಿ ಉಳಿಸ್ತಾ ಇದ್ದೀರಿ. ಇಲ್ಲಿ ಸೊನ್ನೆ. ಅದೂ ನಿಮ್ಮ ಹೆಂಡತಿ ಕೆಲಸ ಬಿಟ್ಟು ಬಂದ ಮೇಲೆ. ಒಬ್ಬರೇ ಬಂದರೆ ಬೆಡ್ ಸ್ಪೇಸು (ಹಲವರು ಇರುವ ರೂಮಲ್ಲಿ ಒಂದು ಮಂಚದ ಜಾಗ), ಮೆಸ್ಸು, ಓಡಾಟ ಎಲ್ಲ ಸೇರಿ 2,500ರಲ್ಲಿ ಮುಗಿಸಬಹುದು, 5,500 ಉಳಿಸಬಹುದು. ಅದು 1.3 ಲಕ್ಷ ರೂಪಾಯಿ. ಅಂದರೆ ಅವರು ನಿಮಗೆ ಕೊಟ್ಟದ್ದು ಒಂಟಿ ಮನುಷ್ಯನ ಸಂಬಳ. ಸಂಸಾರದ ಸಂಬಳ ಅಂದರೆ ಶಾರ್ಜಾದಲ್ಲೂ 12 ಸಾವಿರ ಬೇಕು, ಇಲ್ಲದಿದ್ದರೆ ಕಂಪನಿ ಮನೆ ಬಾಡಿಗೆ ಕೊಡಬೇಕು. ವೀಸಾ ಕಾನೂನು 4,000 ಸಂಬಳ ಇದ್ದರೆ ಸಾಕು, ಕುಟುಂಬ ತರಬಹುದು ಅಂತದೆ. ಯೂಟ್ಯೂಬಿನವರು ಹೇಳುವುದು ಅದನ್ನೇ. ತರಬಹುದು, ಹೌದು.

ಕಾರು ತೆಗೊಂಡರೆ ಆಗ್ತದಲ್ಲ ಅಂತ ಕೇಳಬೇಡಿ. ಇಲ್ಲಿನ ಲೈಸೆನ್ಸಿಗೇ ಐದಾರು ಸಾವಿರ ದಿರ್ಹಂ. ಆಮೇಲೆ ಸಾಲಿಕ್ ಟೋಲು, 2025ರ ಜನವರಿ ಕೊನೆಯಿಂದ ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8ರ ತನಕ ಗೇಟಿಗೆ 6 ದಿರ್ಹಂ. ಶಾರ್ಜಾದಿಂದ ದುಬೈಗೆ ಹೋಗುವ ಇತ್ತಿಹಾದ್ ರಸ್ತೆಯ ಟ್ರಾಫಿಕ್ಕಲ್ಲಿ ಬೆಳಿಗ್ಗೆ ನಿಂತು ನೋಡಿದರೆ, ಮಂಗಳೂರಿನ ಪಂಪ್‌ವೆಲ್ ಸರ್ಕಲಿನ ಮೇಲೆ ನಿಮಗೆ ಪ್ರೀತಿ ಹುಟ್ಟೀತು.

ಕೊನೆಯದು ಆ ಬೇಸಿಕ್ 3,200. ಅದನ್ನು ಯಾರೂ ನಿಮಗೆ ಬಿಡಿಸಿ ಹೇಳುವುದಿಲ್ಲ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. 3,200ಕ್ಕೆ ವರ್ಷಕ್ಕೆ 2,240 ದಿರ್ಹಂ. ಅದೇ ಬೇಸಿಕ್ 4,800 ಇದ್ದರೆ 3,360. ಇಲ್ಲಿ ನಮಗೆ ಪಿಎಫ್ ಇಲ್ಲ, ಪಿಂಚಣಿ ಇಲ್ಲ, ಇರುವುದು ಇದೊಂದೇ. ಕೆಲಸ ಹೋದರೆ ಅಂತ ಕಡ್ಡಾಯ ವಿಮೆ ಒಂದು ಉಂಟು, 2023ರಿಂದ, ತಿಂಗಳಿಗೆ 5 ದಿರ್ಹಂ, ನೀವೇ ಕಟ್ಟಬೇಕು. ಅದರಲ್ಲೂ ಸಿಗುವುದು ಬೇಸಿಕ್‌ನ ಶೇ. 60, ಮೂರು ತಿಂಗಳು. ಎಲ್ಲ ಕಡೆ ಬೇಸಿಕ್, ಬೇಸಿಕ್.

ಬದುಕು ಚೆನ್ನಾಗಿರ್ತದಾ ಅಂತ ಕೇಳಿದ್ದೀರಿ. ಅದಕ್ಕೆ ನಾನು ಉತ್ತರ ಹೇಳುವುದಿಲ್ಲ, ಇಲ್ಲಿ ಸಂಸಾರ ಮಾಡಿದ ಹೆಂಗಸರು ಹೇಳಲಿ. ಗಂಡಸರು ಬೆಳಿಗ್ಗೆ ಆರಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರ್ತೇವೆ, ನಮಗೆ ಗೊತ್ತಿರುವುದು ಟ್ರಾಫಿಕ್ಕು.

---

ಇಂಡಿ ತಾಲೂಕಿನಾಂವ

ಅಣ್ಣಾರು ಬರೆದಿದ್ದು ಬರೋಬ್ಬರಿ ಐತಿ. ನಾ ಸೈಟ್ ಎಂಜಿನಿಯರ್ ಅದೀನಿ, ದೇರಾದಾಗ ಬೆಡ್ ಸ್ಪೇಸ್. ಒಂದು ರೂಮಿನ್ಯಾಗ ಐದ ಮಂದಿ, ಇಬ್ಬರು ನಮ್ಮ ಕಡೆಯವರು, ಒಬ್ಬಾಂವ ನೇಪಾಳದಾಂವ, ಇಬ್ಬರು ಹೈದರಾಬಾದಿನವರು. 850 ದಿರ್ಹಂ, ಕರೆಂಟು ವೈಫೈ ಅದರಾಗ ಬಂತು. ಅಡಿಗಿ ಪಾಳಿ ಹಚ್ಚೀವಿ. ಜ್ವಾಳದ ಹಿಟ್ಟು ಇಲ್ಲೂ ಸಿಗತೈತ್ರಿ, ಆದ್ರ ಬಡಿಯಾಕ ಬರೂದು ನನಗೊಬ್ಬಗs, ಹಿಂಗಾಗಿ ಶುಕ್ರವಾರ ನಂದs ಪಾಳಿ. ಶೇಂಗಾ ಹಿಂಡಿ ಊರಿಂದ ಬರತೈತಿ.

ಒಂದು ಮಾತು ನೆಪ್ಪಿಡ್ರಿ. ಪಾರ್ಟಿಷನ್ ಹಾಕಿದ ಮನಿಯಾಗ ಹೋಗಬ್ಯಾಡ್ರಿ, ಸೋವಿ ಸಿಕ್ಕರೂ. 2025ರ ಜೂನ್‌ದಾಗ ದುಬೈ ಮುನ್ಸಿಪಾಲಿಟಿಯವರು ರಿಗ್ಗಾ, ಮುರಕ್ಕಬಾತ್, ಸತ್ವಾ, ಬರ್ಶಾ ಕಡೆ ಎಲ್ಲಾ ತಪಾಸಣಿ ಮಾಡಿ ಹಲಗಿ-ಜಿಪ್ಸಮ್ ಗ್ವಾಡಿ ತೆಗಿಸಿದರು. ನಮ್ಮ ಸೈಟಿನ ಹುಡುಗೂರು ಒಂದs ವಾರದಾಗ ಜಾಗ ಹುಡುಕಬೇಕಾತು. ಅವರು ಕೊಟ್ಟಿದ್ದ ಡಿಪಾಸಿಟ್ ಇನ್ನಾ ವಾಪಸ್ ಬಂದಿಲ್ಲ.

ಒಬ್ಬರs ಬಂದ್ರ ರೊಕ್ಕ ಉಳಿತೈತಿ, ಖರೆ. ಆದ್ರ ರಾತ್ರಿ ಮಗಳ ಸಂಗಾಟ ಮಾತಾಡಾಕ ವಾಟ್ಸ್ಯಾಪ್ ಕಾಲ್ ಇಲ್ಲಿ ನಡೆಂಗಿಲ್ಲ, ಬಂದ್ ಮಾಡ್ಯಾರ. ಬೋಟಿಮ್ ಅಂತ ಆ್ಯಪ್ ಐತಿ, ಬರೂಕಿಂತ ಮೊದಲs ಅವ್ವ-ಅಪ್ಪನ ಫೋನಿನ್ಯಾಗ ಹಾಕಿ, ಹೆಂಗ ಎತ್ತೂದು ಕಲಿಸಿ ಬರ್ರಿ. ಫೋನಿನ್ಯಾಗ ಕಲಿಸಾಕ ಹೋದ್ರ ತಿಂಗಳ ಹಿಡಿತೈತಿ!

---

ಅಲ್ ನಹ್ದಾ ಮನೆಯಾಕೆ

ಮೇಲಿನವರು ಹೆಂಗಸರು ಹೇಳಲಿ ಅಂದಿದ್ದಾರೆ, ಹೇಳ್ತೀನಿ. ನಾನು ಹಾಸನದವಳು. ಶಾರ್ಜಾದ ಅಲ್ ನಹ್ದಾದಲ್ಲಿ ಇದ್ದೀವಿ, ಒಂದು ಗಂಡು ಮಗು.

ನಿಮ್ಮ ಹೆಂಡತಿಗೆ ಬಿ.ಎಡ್ ಇದೆ ಅಂದ್ರಲ್ಲ, ನಿಮ್ಮ ಇಡೀ ಲೆಕ್ಕದಲ್ಲಿ ಅದೇ ದೊಡ್ಡ ವಿಷಯ, ಯಾರೂ ಗಮನಿಸಿಲ್ಲ. ಇಲ್ಲಿನ ಇಂಡಿಯನ್ ಶಾಲೆಗಳ ವರ್ಷ ಶುರುವಾಗೋದು ಏಪ್ರಿಲ್‌ನಲ್ಲಿ, ಜನವರಿಯಿಂದ ಮಾರ್ಚ್‌ವರೆಗೆ ಟೀಚರ್‌ಗಳನ್ನ ತಗೋತಾರೆ. ಸಾಧಾರಣ ಶಾಲೆಯಲ್ಲಿ 3,000 ದಿರ್ಹಂ ಆಸುಪಾಸು ಕೊಡಬಹುದು. ಕೆಲವು ಶಾಲೆಗಳಲ್ಲಿ ಸಿಬ್ಬಂದಿಯ ಮಕ್ಕಳಿಗೆ ಫೀಸಲ್ಲಿ ರಿಯಾಯಿತಿನೂ ಇರುತ್ತೆ. ಗಂಡನ ವೀಸಾದಲ್ಲಿದ್ದೇ ವರ್ಕ್ ಪರ್ಮಿಟ್ ತಗೊಂಡು ಕೆಲಸ ಮಾಡಬಹುದು. ಅವರಿಗೆ ಕೆಲಸ ಸಿಕ್ಕಿದ್ರೆ 8,000 ಹೋಗಿ 11,000 ಆಗುತ್ತೆ, ಕಥೆನೇ ಬೇರೆ. ಆದರೆ ಡಿಗ್ರಿ, ಬಿ.ಎಡ್ ಎರಡೂ ಅಟೆಸ್ಟ್ ಆಗಿರಬೇಕು. ಮದುವೆ ಸರ್ಟಿಫಿಕೇಟು, ಮಗುವಿನ ಜನನ ಪ್ರಮಾಣಪತ್ರನೂ ಅಷ್ಟೇ. ರಾಜ್ಯ ಸರ್ಕಾರ, ದೆಹಲಿಯ ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿ, ಆಮೇಲೆ ಇಲ್ಲಿನ ವಿದೇಶಾಂಗ ಇಲಾಖೆ, ಇಷ್ಟು ಮುದ್ರೆ.

ಕೆಲಸ ಸಿಗದೆ ಬರೀ ಮನೆಯಲ್ಲಿ ಇರೋದಾದ್ರೆ ಜೂನ್‌ನಿಂದ ಸೆಪ್ಟೆಂಬರ್ ಬಗ್ಗೆ ಯೋಚನೆ ಮಾಡಿ. ಆ ನಾಲ್ಕು ತಿಂಗಳು ಮಗುನ ಹೊರಗೆ ಬಿಡೋಕಾಗಲ್ಲ. ಬಿಸಿಲಲ್ಲಿ ಕೆಲಸ ಮಾಡೋರಿಗೇ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಕಾನೂನೇ ವಿರಾಮ ಕೊಡಿಸುತ್ತೆ ಅಂದ್ರೆ ಊಹಿಸಿಕೊಳ್ಳಿ. ಒಂದು ಬೆಡ್‌ರೂಮು, ಒಂದು ಹಾಲು, ಎದುರಿಗೆ ಇನ್ನೊಂದು ಕಟ್ಟಡದ ಎಸಿಗಳು. ನನ್ನ ಮಗ ಲಿಫ್ಟಲ್ಲಿ ಹತ್ತಿ ಇಳಿಯೋದನ್ನೇ ಆಟ ಮಾಡ್ಕೊಂಡಿದ್ದ, ವಾಚ್‌ಮನ್ ಬಂದು ಹೇಳೋವರೆಗೂ. ನವೆಂಬರ್‌ನಿಂದ ಮಾರ್ಚ್ ಮಾತ್ರ ಸ್ವರ್ಗ. ಪಾರ್ಕು, ಅಲ್ ಮಜಾಜ್‌ನ ನೀರಿನ ಅಂಚು, ನವೆಂಬರ್‌ನಲ್ಲಿ ಶಾರ್ಜಾ ಪುಸ್ತಕ ಮೇಳ. ರಾತ್ರಿ ಹನ್ನೊಂದಕ್ಕೆ ಮಗುನ ಕೈ ಹಿಡ್ಕೊಂಡು ಒಬ್ಬಳೇ ನಡ್ಕೊಂಡು ಬರ್ತೀನಿ, ಹಿಂದೆ ತಿರುಗಿ ನೋಡಲ್ಲ. ಇದಕ್ಕೆ ನೀವು ಎಷ್ಟು ದಿರ್ಹಂ ಬೆಲೆ ಕಟ್ತೀರೋ ನನಗೆ ಗೊತ್ತಿಲ್ಲ, ನಾನಂತೂ ಜಾಸ್ತಿನೇ ಕಟ್ತೀನಿ.

ಇನ್ನೊಂದು, ಬರೋ ಮುಂಚೆ ಯಾರೂ ಹೇಳಲ್ಲ. ಶಾರ್ಜಾದ ಶಾಲೆಗಳಿಗೆ ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನ ರಜೆ, 2022ರಿಂದ. ನಿಮ್ಮ ಆಫೀಸು ದುಬೈಯಲ್ಲಿ, ಟ್ರೇಡಿಂಗ್ ಕಂಪನಿ, ಶನಿವಾರನೂ ಕೆಲಸ ಇರುತ್ತೆ, ಕೇಳಿ ನೋಡಿ. ಮೂವರೂ ಒಟ್ಟಿಗೆ ಸಿಗೋದು ಭಾನುವಾರ ಮಾತ್ರ. ಅವತ್ತು ಬಟ್ಟೆ ಒಗೆದು, ವಾರದ ದಿನಸಿ ತರೋದ್ರಲ್ಲಿ ಸಂಜೆ ಆಗುತ್ತೆ. ಮನೆಗೆಲಸಕ್ಕೆ ಊರಲ್ಲಿ ತಿಂಗಳಿಗೆ ಮೂರು ಸಾವಿರ ರೂಪಾಯಿಗೆ ಬರ್ತಾರೆ, ಇಲ್ಲಿ ಗಂಟೆಗೆ 35 ದಿರ್ಹಂ. ನಾವೇ ಮಾಡ್ಕೋತೀವಿ. ಗಂಡಂದಿರೂ ಮಾಡ್ಬೇಕು, ಇದನ್ನ ಈಗಲೇ ಬರೆದು ಇಟ್ಕೊಳಿ.

ಮಗಳ ಕನ್ನಡದ ಚಿಂತೆ ಇದ್ರೆ, ದುಬೈಯಲ್ಲಿ ಕನ್ನಡಿಗರೇ ಸೇರಿ ನಡೆಸೋ ಪಾಠಶಾಲೆ ಇದೆ, ವಾರಾಂತ್ಯದಲ್ಲಿ. ಶಾಲೆಯಲ್ಲಿ ಅರೇಬಿಕ್ ಕಡ್ಡಾಯ. ನನ್ನ ಮಗ ಹಿಂದಿ-ಮಲಯಾಳಂ ಬಿಲ್ಡಿಂಗಲ್ಲೇ ಕಲಿತ.

---

ವಾಪಸ್ ಬಂದವ, ಕಾವೂರು

ದುಬೈಯಲ್ಲಿ ದುಡಿದು ಈಗ ಮಂಗಳೂರಲ್ಲಿ ಇದ್ದೇನೆ. ಊರನ್ನು ಅಗ್ಗ ಅಂತ ತಿಳಿಯಬೇಡಿ. ಬಾಡಿಗೆ ಏರಿದೆ, ಒಳ್ಳೇ ಶಾಲೆಯ ಫೀಸು ಶಾರ್ಜಾದ ಅಗ್ಗದ ಶಾಲೆಗೆ ಹತ್ತಿರ ಬಂದಿದೆ. ಈಗ ನಿಮಗೆ 30 ಸಾವಿರ ಉಳಿಯುವುದು ಅಪ್ಪ-ಅಮ್ಮ ಆರೋಗ್ಯವಾಗಿರುವ ತನಕ. ಒಂದು ಆಸ್ಪತ್ರೆ ಬಿಲ್ಲು ಬಂದರೆ ಆ ಲೆಕ್ಕ ಬುಡಮೇಲು.

ಆದರೆ ಹಲ್ಲಿನ ವಿಷಯದಲ್ಲಿ ಮಾತ್ರ ಊರೇ ಸೈ. ಅಲ್ಲಿ ಬೇಸಿಕ್ ಇನ್ಶೂರೆನ್ಸಿನಲ್ಲಿ ಹಲ್ಲು ಬರುವುದಿಲ್ಲ. ರೂಟ್ ಕೆನಾಲಿಗೆ 1,000 ದಿರ್ಹಂ ದಾಟ್ತದೆ. ಮಂಗಳೂರಲ್ಲಿ ಅದರ ಕಾಲು ಭಾಗ. ರಜೆಗೆ ಬಂದ ಗಲ್ಫಿನವರು ಮೊದಲ ವಾರ ದಂತ ವೈದ್ಯರ ಹತ್ತಿರ ಕೂತಿರುವುದು ಅದಕ್ಕೇ. ನಮ್ಮ ಕಾಲದಲ್ಲಿ ಬರುವಾಗ ನಿಡೊ ಡಬ್ಬಿ, ಟ್ಯಾಂಗು, ಕೊಡಲಿ ಛಾಪಿನ ತೈಲ ತರ್ತಿದ್ದೆವು. ಈಗ ಎಲ್ಲ ಮಂಗಳೂರಿನ ಮಾಲಿನಲ್ಲೇ ಉಂಟು, ಸಂಬಂಧಿಕರಿಗೆ ಏನು ತರುವುದು ಅಂತಲೇ ತಿಳಿಯುವುದಿಲ್ಲ.

---

ಬೆದ್ರದ ಲೆಕ್ಕಿಗ

ಎಲ್ಲರಿಗೂ ಧನ್ಯವಾದ. ಚೆಕ್ಕಿನ ವಿಷಯ, ಶನಿವಾರದ ವಿಷಯ ಎರಡೂ ನನ್ನ ತಲೆಗೇ ಬಂದಿರಲಿಲ್ಲ. ಎಚ್‌ಆರ್‌ಗೆ ಮೇಲ್ ಮಾಡಿದೆ. ಉತ್ತರ ಬಂತು: ಶನಿವಾರ ಎರಡು ಗಂಟೆ ತನಕ ಕೆಲಸ. ಬೇಸಿಕ್ 4,000 ಮಾಡ್ತಾರೆ, ಒಟ್ಟು 8,000 ಹಾಗೇ. ಮನೆ ಬಾಡಿಗೆ ಕೊಡುವುದಿಲ್ಲ. ಆದರೆ ಅಲ್ ಕೂಜ್‌ನಲ್ಲೇ ಕಂಪನಿಯ ಸ್ಟಾಫ್ ಅಕಾಮಡೇಶನ್ ಇದೆಯಂತೆ, ಒಂದು ರೂಮಿಗೆ ಇಬ್ಬರು, ಬೇಕಾದರೆ ತಿಂಗಳಿಗೆ 500 ಕಡಿತ.

ಹೆಂಡತಿ ಹತ್ತಿರ ಕೂತು ಮಾತಾಡಿದೆ. ಒಬ್ಬನೇ ಹೋಗು, ನಾನು ಇಲ್ಲಿಂದಲೇ ಶಾಲೆಗಳಿಗೆ ಅರ್ಜಿ ಹಾಕ್ತೇನೆ, ಕೆಲಸ ಸಿಕ್ಕಿದರೆ ಮುಂದಿನ ಏಪ್ರಿಲ್‌ಗೆ ಬರ್ತೇವೆ, ಸಿಗದಿದ್ದರೆ ಎರಡು ವರ್ಷ ಮಾಡಿ ನೀನೇ ವಾಪಸ್ ಬಾ ಅಂತಾಳೆ. ಬಿಜೈ ಮನೆ ಬಿಟ್ಟು ಅವಳು ಮಗಳನ್ನು ಕರ್ಕೊಂಡು ಮೂಡುಬಿದಿರೆಗೆ ಹೋಗ್ತಾಳೆ. ಅಲ್ಲಿ ಶಾಲೆಗಳಿಗೇನು ಬರ ಇಲ್ಲ. ಹಾಗಾದರೆ 17 ಸಾವಿರ ಬಾಡಿಗೆಯೂ ಉಳಿತದೆ.

ಈ ಯೋಜನೆಯಲ್ಲಿ ತೂತು ಎಲ್ಲಾದರೂ ಕಾಣ್ತದಾ?

---

ಕೋಟೇಶ್ವರ ಟು ಶಾರ್ಜಾ

ಯೋಜನೆ ನಿಮ್ಮ ಹೆಂಡತಿಯದ್ದಲ್ವಾ, ತೂತು ಕಮ್ಮಿ ಉಂಟು. ಸ್ಟಾಫ್ ರೂಮು ತೆಗೊಳ್ಳಿ, 500ಕ್ಕೆ ಆಫೀಸಿನ ಬುಡದಲ್ಲೇ ಇಬ್ಬರ ರೂಮು ಎಲ್ಲೂ ಸಿಗುವುದಿಲ್ಲ. ಅಲ್ಲಿ ಊಟಕ್ಕೆ ಮಾತ್ರ ಕಷ್ಟ, ಸುತ್ತ ಗೋದಾಮುಗಳೇ. ಒಂದು ರೈಸ್ ಕುಕ್ಕರ್ ಇಟ್ಟುಕೊಳ್ಳಿ, ಕುಚ್ಚಲಕ್ಕಿ ಎಲ್ಲ ಕಡೆ ಸಿಗ್ತದೆ.

ಒಂದೆರಡು ಮಾತು. ಫೆಬ್ರವರಿಯಲ್ಲಿ ಹೊರಟರೆ ಈ ಆರ್ಥಿಕ ವರ್ಷದಲ್ಲಿ ನೀವು ಆಗಲೇ 182 ದಿನಕ್ಕಿಂತ ಜಾಸ್ತಿ ಭಾರತದಲ್ಲಿ ಇದ್ದಾಗಿದೆ. ಹಾಗಾಗಿ ಮಾರ್ಚ್ 31ರ ತನಕ ನೀವು ತೆರಿಗೆ ಲೆಕ್ಕಕ್ಕೆ ನಿವಾಸಿಯೇ, ಅಷ್ಟರೊಳಗೆ ಬಂದ ದುಬೈ ಸಂಬಳವನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ನೀವು ಅಕೌಂಟೆಂಟು, ನಿಮಗೆ ಗೊತ್ತಿರುವುದೇ. ಆದರೂ ಹೇಳಿದೆ, ಯಾಕೆಂದರೆ ಸ್ವಂತ ಲೆಕ್ಕದಲ್ಲಿ ಎಲ್ಲ ಅಕೌಂಟೆಂಟರೂ ಕುರುಡರು. ಇಲ್ಲಿಗೆ ಬಂದ ಮೇಲೆ ಊರಿನ ಎಸ್‌ಬಿ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಯ ಊರಿನ ಆದಾಯದ ಖಾತೆ) ಮಾಡಿಸಿ, ಇಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ (ಅನಿವಾಸಿಯ ಹೊರಗಿನ ದುಡಿಮೆಯ ಖಾತೆ) ತೆಗೆಯಿರಿ. ಎನ್‌ಆರ್‌ಇ ಡಿಪಾಸಿಟ್ ಬಡ್ಡಿಗೆ ತೆರಿಗೆ ಇಲ್ಲ.

ವೀಸಾ ಖರ್ಚು ಅಂತ ಒಂದು ರೂಪಾಯಿ ಕೂಡ ಯಾರಿಗೂ ಕೊಡಬೇಡಿ, ಊರಿನ ಏಜೆಂಟನಿಗೂ. ನೇಮಕಾತಿಯ ಖರ್ಚು ಕಂಪನಿಯದ್ದೇ, ಇಲ್ಲಿನ ಕಾನೂನಲ್ಲೇ ಹಾಗುಂಟು. ಪ್ರೊಬೇಷನ್ ಆರು ತಿಂಗಳ ತನಕ ಇರಬಹುದು. ಅಷ್ಟರಲ್ಲಿ ಸರಿಹೋಗದಿದ್ದರೆ 14 ದಿನದ ನೋಟಿಸ್ ಕೊಟ್ಟು ಊರಿಗೆ ಹೋಗಬಹುದು. ಇಲ್ಲೇ ಬೇರೆ ಕಂಪನಿಗೆ ಹೋಗುವುದಾದರೆ ಒಂದು ತಿಂಗಳ ನೋಟಿಸ್. ಬೇಸಿಕ್ 4,000 ಅಂತ ಮೇಲಲ್ಲಿ ಬಂದದ್ದು ಸಾಲುವುದಿಲ್ಲ, ಕಾರ್ಮಿಕ ಇಲಾಖೆಯ ಆಫರ್ ಲೆಟರ್‌ನಲ್ಲಿ ಅದೇ ಅಂಕೆ ಉಂಟಾ ನೋಡಿ ಸಹಿ ಹಾಕಿ.

ಸರ್ಟಿಫಿಕೇಟುಗಳ ಮುದ್ರೆಯ ಕೆಲಸ ಇವತ್ತೇ ಶುರು ಮಾಡಿ. ನಿಮ್ಮದು ಮಾತ್ರ ಅಲ್ಲ, ಹೆಂಡತಿಯದ್ದು, ಮಗಳದ್ದು ಎಲ್ಲ ಒಟ್ಟಿಗೆ. ಮದುವೆ ಸರ್ಟಿಫಿಕೇಟ್ ಅಂದರೆ ಕಲ್ಯಾಣ ಮಂಟಪದವರು ಕೊಟ್ಟ ಚಂದದ ಕಾಗದ ಅಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿನದ್ದು. ಅದರಲ್ಲಿರುವ ಹೆಸರು ಪಾಸ್‌ಪೋರ್ಟಿನ ಹಾಗೇ ಉಂಟಾ ನೋಡಿ. ನಮ್ಮ ಕಡೆ ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಮನೆ ಹೆಸರು ಬೇರೆ ಇರ್ತದೆ. ನೀವು ಇಲ್ಲಿಗೆ ಬಂದ ಮೇಲೆ ಅದನ್ನು ಸರಿಮಾಡಿಸಲು ಅವರೊಬ್ಬರೇ ಮಗಳನ್ನು ಎತ್ತಿಕೊಂಡು ಆಫೀಸಿಂದ ಆಫೀಸಿಗೆ ಅಲೆಯಬೇಕಾಗ್ತದೆ.

---

ಬೆದ್ರದ ಲೆಕ್ಕಿಗ

ಈಗಷ್ಟೇ ತೆಗೆದು ನೋಡಿದೆ. ಮದುವೆ ಸರ್ಟಿಫಿಕೇಟಿನಲ್ಲಿ ಇನಿಶಿಯಲ್ ಹಿಂದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ. ಸೋಮವಾರ ರಜೆ ಹಾಕಿದ್ದೇನೆ.